ಹಡಗಿನಿಂದ ಒಂದು ದಿನಕ್ಕೆ ಇಳಿದವರು

ಕಡಲೆಂಬುದು ನಮ್ಮ ಪ್ರಾಂತದವರಿಗೆ ಕೇಳಿ ತಿಳಿದ ವಸ್ತು. ಜಹೀರಾಬಾದಿನ ಕೆಂಪು ಜಂಬಿಟ್ಟಿಗೆಯ ನೆಲದವರಿಗೂ, ನಾರಾಯಣಖೇಡದ ಎರೆಭೂಮಿಯವರಿಗೂ, ತಾಂಡೂರಿನ ಹಾಸುಗಲ್ಲಿನ ಗಣಿಗಳ ನಡುವೆ ಬಾಳುವವರಿಗೂ ನೀರೆಂದರೆ ಮಂಜೀರೆ, ಇಲ್ಲವೆ ಕಾಗಿಣಾ. ಮಂಜೀರೆ ಗೋದಾವರಿಯನ್ನು ಕೂಡಿಕೊಳ್ಳುತ್ತದೆ. ಕಾಗಿಣಾ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಎರಡೂ ಹೋಗುವುದು ಪೂರ್ವದ ಕಡಲಿಗೆ. ಕನ್ನಡನಾಡಿನ ಕಡಲಾದರೋ ಪಶ್ಚಿಮಕ್ಕಿದೆ. ನಮ್ಮ ನೆಲದಲ್ಲಿ ಬಿದ್ದ ಮಳೆಯ ಒಂದು ಹನಿಯೂ ಕಾರವಾರವನ್ನಾಗಲಿ ಮಂಗಳೂರನ್ನಾಗಲಿ ಕಾಣುವುದಿಲ್ಲ. ಹೀಗಿದ್ದೂ ಈ ಸಮ್ಮೇಳನದ ಸಂಚಿಕೆಗೆ ಕರಾವಳಿಯ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಈಚಿನ ವರ್ಷಗಳಲ್ಲಿ ನಮ್ಮ ವಯಸ್ಸಿನ ನಿವೃತ್ತರು ಕಾಶಿ ರಾಮೇಶ್ವರಗಳ ಜೊತೆಗೆ ಹಡಗಿನ ಪ್ರವಾಸವನ್ನೂ ವಿಚಾರಿಸತೊಡಗಿದ್ದಾರೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನ ಕ್ರಮವನ್ನು ಬಲ್ಲವರು ಬಲ್ಲರು. ರಾತ್ರಿಯೆಲ್ಲ ಹಡಗು ಚಲಿಸುತ್ತದೆ. ಬೆಳಗಾಗುವಾಗ ದ್ವೀಪದಿಂದ ಕೊಂಚ ದೂರದಲ್ಲಿ ನಿಲ್ಲುತ್ತದೆ. ಪ್ರವಾಸಿಗರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಹಗಲೆಲ್ಲ ನೋಡಿ, ಉಂಡು, ತಿರುಗಾಡಿ ಸಂಜೆಗೆ ಮತ್ತೆ ಹಡಗನ್ನೇರಬೇಕು. ಇದು ಹೊಸ ಕಾಲದ ವಿಲಾಸವೆಂದು ಭಾವಿಸುವವರಿದ್ದಾರೆ. ಕನ್ನಡ ಕರಾವಳಿಯಲ್ಲಿ ಈ ಪದ್ಧತಿಗೆ ಸುಮಾರು ಏಳುನೂರು ವರ್ಷಗಳ ಲಿಖಿತ ಇತಿಹಾಸವಿದೆ. ಸಣ್ಣ ಹಡಗುಗಳಲ್ಲಿ ದಡವನ್ನು ಅನುಸರಿಸಿ ಹೋಗುತ್ತಿದ್ದ ಪರಸ್ಥಳದವರು ಒಂದೊಂದು ಅಳಿವೆಯಲ್ಲಿ ಒಂದು ದಿನ, ಮೂರು ದಿನ ಇಳಿದು ತಾವು ಕಂಡುದನ್ನು ಬರೆದಿಟ್ಟರು. ಹಾಗೆ ಬರೆದುದರಲ್ಲಿ ಶಾಲೆಗೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಉಪಾಧ್ಯಾಯ ವೃತ್ತಿಯಿಂದ ಬಂದ ನಾವು ಅವನ್ನು ಕಂಡೂ ಸುಮ್ಮನಿರಲಾರೆವು.

ಸಮುದ್ರದಲ್ಲಿ ಹೋಗುವವರು ಅಷ್ಟು ಸಲ ದಡಕ್ಕೆ ಏಕೆ ಇಳಿಯುತ್ತಿದ್ದರು ಎಂಬ ಪ್ರಶ್ನೆ ಸಹಜ. ಹಾಯಿಯ ಹಡಗಿಗೆ ಗಾಳಿಯೇ ಒಡೆಯ. ನಮ್ಮ ಪಶ್ಚಿಮ ತೀರದಲ್ಲಿ ಮಳೆಗಾಲ ಕಳೆದ ಮೇಲೆ ಇರುಳಿನಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಕಡಲಿಗೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲಕ್ಕೆ ಗಾಳಿ ಬೀಸುತ್ತದೆ. ಈ ಎರಡು ಗಾಳಿಗಳನ್ನು ಹಿಡಿದು ಸಣ್ಣ ಹಡಗು ದಡದ ಮಗ್ಗುಲಲ್ಲೇ ಮುಂದುವರಿಯಬೇಕು. ಅದರಲ್ಲಿ ಸಿಹಿನೀರು ಹೆಚ್ಚು ಹಿಡಿಯುವುದಿಲ್ಲ; ಅಕ್ಕಿ, ಸೌದೆ, ತರಕಾರಿಗಳಿಗೂ ದಡವೇ ಗತಿ. ಕಾರವಾರದಲ್ಲಿ ಕಾಳಿ, ಅದರ ದಕ್ಷಿಣಕ್ಕೆ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಐದು ಹೊಳೆಗಳ ಕೂಟ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ: ಹೀಗೆ ಅಳಿವೆಯ ಮೇಲೆ ಅಳಿವೆ. ಪ್ರತಿಯೊಂದರ ಬಾಯಲ್ಲೂ ಮರಳಿನ ದಿಣ್ಣೆಯಿರುವುದರಿಂದ ಭರತ ಬರುವವರೆಗೆ ಹೊರಗೆ ಕಾಯಬೇಕು, ಇಲ್ಲವೆ ದೋಣಿಯಲ್ಲಿ ಒಳಗೆ ಹೋಗಬೇಕು. ಕಾಯುವ ಹೊತ್ತೇ ಪ್ರವಾಸಿಗೆ ನೋಡುವ ಹೊತ್ತು. ಮಳೆಗಾಲದಲ್ಲಿ ಈ ಇಡೀ ವ್ಯವಹಾರಕ್ಕೆ ಬೀಗ ಬೀಳುತ್ತಿತ್ತು.

ಈ ಕಥೆಯ ಆದಿಯನ್ನು ಈಜಿಪ್ಟಿನಲ್ಲಿ ಹುಡುಕುವವರೂ ಉಂಟು. ಅಲ್ಲಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ತೀರದಲ್ಲಿ ಸಿಕ್ಕಿಕೊಂಡ ಕರಿಟಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಹಡಗಿನವರು ಬಂದು ಬಿಡಿಸಿಕೊಂಡು ಹೋಗುವ ಕಥೆಯಿದೆ. ಅದರಲ್ಲಿ ಸ್ಥಳೀಯರ ಬಾಯಲ್ಲಿ ಬರುವ ಮಾತುಗಳು ಹಳೆಯ ಕನ್ನಡವೆಂದು ಜರ್ಮನಿಯ ಹುಲ್ಟ್ಸ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಯನ್ನು ಮುಂದುವರಿಸಿದರು. ಪಂಡಿತರಲ್ಲಿ ಒಮ್ಮತವಿಲ್ಲ, ನಮಗೂ ಅದರ ಮೇಲೆ ಕಟ್ಟಡ ಕಟ್ಟುವ ಉತ್ಸಾಹವಿಲ್ಲ. ಗಟ್ಟಿ ನೆಲ ಸಿಗುವುದು ಇಬ್ನ್ ಬತೂತಾನಿಂದ.

ಮೊರಾಕ್ಕೊ ದೇಶದ ಈ ಪ್ರವಾಸಿ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟವನು. ಗುಜರಾತಿನ ಬಂದರಿನಲ್ಲಿ ಹಡಗನ್ನೇರಿ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದನು. ಅವನೊಡನೆ ಇದ್ದ ಹಡಗೊಂದರಲ್ಲಿ 50 ಮಂದಿ ಹುಟ್ಟು ಹಾಕುವವರೂ, ಕಡಲುಗಳ್ಳರನ್ನು ಎದುರಿಸಲು 50 ಮಂದಿ ಹಬಸಿ ಯೋಧರೂ ಇದ್ದರು. ಹೊನ್ನಾವರದಲ್ಲಿ ಆಗ ಜಮಾಲುದ್ದೀನನೆಂಬ ಸುಲ್ತಾನನಿದ್ದನು. ಅವನ ಮೇಲಿನ ಒಡೆಯನಾಗಿ ಬತೂತಾ ಹೆಸರಿಸುವ ಹರ್ಯಾಬನನ್ನು ವಿಜಯನಗರದ ಹರಿಹರನೆಂದು ವಿದ್ವಾಂಸರು ಗುರುತಿಸುತ್ತಾರೆ. ಈ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳು 13, ಗಂಡುಮಕ್ಕಳ ಶಾಲೆಗಳು 23 ಇದ್ದವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದೂ, ಇಲ್ಲಿನ ಹೆಂಗಸರಿಗೆ ಕುರಾನು ಕಂಠಪಾಠವಾಗಿದೆಯೆಂದೂ ಅವನು ಹೇಳುತ್ತಾನೆ. ಅವು ಅರಬ್ಬೀ ಓದಿಸುವ ಶಾಲೆಗಳು, ಕನ್ನಡದವಲ್ಲ. ಆದರೆ ಅರ್ಧ ಜಗತ್ತನ್ನು ಸುತ್ತಿದವನೊಬ್ಬ ಕನ್ನಡ ಕರಾವಳಿಯ ಒಂದು ಊರಿನಲ್ಲಿ ನಿಂತು ಹೆಣ್ಣುಮಕ್ಕಳ ಶಾಲೆಗಳನ್ನು ಎಣಿಸಿದನೆಂಬುದು ಸಣ್ಣ ವಿಷಯವಲ್ಲ. ಶಾಲಾ ತಪಾಸಣೆಗೆ ಬಂದ ಎಷ್ಟೋ ಅಧಿಕಾರಿಗಳು ಅಷ್ಟೂ ಮಾಡಿದ್ದನ್ನು ನಾವು ಕಂಡಿಲ್ಲ.

ಸುಲ್ತಾನನ ಊಟದ ವರ್ಣನೆಯೂ ಸ್ವಾರಸ್ಯವಾಗಿದೆ. ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕೊನೆಗೆ ಮೊಸರು. ಇನ್ನೊಂದು ಸಲ ಹನ್ನೊಂದು ತಿಂಗಳು ಆ ಸುಲ್ತಾನನಲ್ಲಿ ಉಳಿದಿದ್ದಾಗ ರೊಟ್ಟಿಯೆಂಬುದನ್ನೇ ಕಾಣಲಿಲ್ಲವೆಂದು ಅವನು ಬರೆದಿದ್ದಾನೆ. ಜೋಳದ ರೊಟ್ಟಿಯಿಲ್ಲದೆ ಹನ್ನೊಂದು ದಿನ ಕಳೆಯಲಾರದ ನಮ್ಮ ಜಹೀರಾಬಾದಿನವರಿಗೆ ಅವನ ಕಷ್ಟ ಅರ್ಥವಾದೀತು.

ಬಾರಕೂರಿನಲ್ಲಿ ನಡೆದುದು ಬೇರೆ ಬಗೆ. ಆ ಊರನ್ನು ಅವನು ಫಾಕನೂರ್ ಎನ್ನುತ್ತಾನೆ. ಅಲ್ಲಿ ಹಾದುಹೋಗುವ ಪ್ರತಿಯೊಂದು ಹಡಗೂ ನಿಂತು ಅರಸನಿಗೆ ಕಾಣಿಕೆ ಕೊಡಬೇಕು. ಅದು ಬಂದರಿನ ಹಕ್ಕು. ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ತಂದು ಇಮ್ಮಡಿ ವಸೂಲು ಮಾಡುತ್ತಿದ್ದರು. ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು. ಇಂಥಲ್ಲಿ ದಡಕ್ಕೆ ಇಳಿಯುವುದು ಹೇಗೆ? ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನು. ಆಮೇಲೆ ಬತೂತಾನ ತಂಡ ಇಳಿದು ಮೂರು ದಿನ ಆತಿಥ್ಯ ಪಡೆಯಿತು. ಮಂಗಳೂರಿನಲ್ಲೂ ರಾಜಕುಮಾರ ಹಡಗಿಗೆ ಬಂದಲ್ಲದೆ ತಾನು ಇಳಿಯೆನೆಂದು ಅವನು ಹಟ ಹಿಡಿದನು. ಇಂದಿನ ಪ್ರವಾಸಿಗೆ ಗುರುತಿನ ಚೀಟಿ ತೋರಿಸಿದರೆ ಸಾಕು. ಅಂದು ಅತಿಥಿಯ ಪ್ರಾಣಕ್ಕೆ ರಾಜಪುತ್ರನ ಪ್ರಾಣ ಜಾಮೀನು.

ವಾಸ್ಕೋ ಡ ಗಾಮನ ವಿಷಯದಲ್ಲಿ ನಾವು ಹೆಚ್ಚು ನಿಲ್ಲುವುದಿಲ್ಲ. 1498ರಲ್ಲಿ ಹಿಂದಿರುಗುವಾಗ ಅವನು ಕಾರವಾರದ ಹತ್ತಿರದ ಅಂಜುದೀವಿಯಲ್ಲಿ ಇಳಿದು ಹಡಗುಗಳ ದುರಸ್ತಿ ಮಾಡಿಸಿ ಸಿಹಿನೀರು ತುಂಬಿಸಿಕೊಂಡನು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಕ್ಕೂ ಅವನು ಬಂದನೆಂಬ ಮಾತು ಜನಜನಿತವಾಗಿದೆ. ಆ ದ್ವೀಪದಲ್ಲಿ ಗಾಮನಿಗಿಂತ ಕಲ್ಲು ನಮಗೆ ಮುಖ್ಯವಾಗಿ ತೋರುತ್ತದೆ. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿರುವ ಅಲ್ಲಿನ ಅಗ್ನಿಶಿಲೆ ಮಡಗಾಸ್ಕರವು ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ನಾರಾಯಣಖೇಡದ ಎರೆಮಣ್ಣಿಗೆ ಮೂಲವಾದ ದಖ್ಖನ್ನಿನ ಕಪ್ಪುಶಿಲೆ ಹರಿದುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿಬರುವ ನಮ್ಮವರು ಆ ಕಲ್ಲನ್ನು ಮನೆಯ ಕಲ್ಲಿನ ಅಣ್ಣನೆಂದು ತಿಳಿದು ಮುಟ್ಟಿ ಬರಬಹುದು.

ಇನ್ನು ನಮ್ಮ ಮುಖ್ಯ ಸಾಕ್ಷಿದಾರನಾದ ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ಸಿನಿಂದ ಹೊರಟು ತುರ್ಕಿ, ಈಜಿಪ್ಟ್, ಪರ್ಷಿಯಗಳನ್ನು ಸುತ್ತಿ 1623ರ ಆರಂಭದಲ್ಲಿ ಸೂರತ್ತಿಗೆ ಬಂದನು. ಬಾಗ್ದಾದಿನಲ್ಲಿ ಮದುವೆಯಾದ ಅವನ ಹೆಂಡತಿ ಮಾನಿ ಹೋರ್ಮುಜಿನ ಸಮೀಪದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ರೋಮಿನ ತನ್ನ ಕುಲದ ಸಮಾಧಿಗೆ ಸೇರಿಸಬೇಕೆಂದು ಅವನು ವರ್ಷಗಟ್ಟಲೆ ಜೊತೆಯಲ್ಲಿ ಕೊಂಡೊಯ್ದನು. 1627ರಲ್ಲಿ ಅದು ಕೈಗೂಡಿತು. ಇಷ್ಟು ದುಃಖವನ್ನು ಹೊತ್ತು ತಿರುಗುವವನ ಕಣ್ಣು ಮಂಜಾಗಬೇಕಿತ್ತು. ಆದರೆ ಅವನಷ್ಟು ಸ್ಪಷ್ಟವಾಗಿ ನಮ್ಮ ನಾಡನ್ನು ನೋಡಿದ ಯೂರೋಪಿನವರು ಆ ಶತಮಾನದಲ್ಲಿ ವಿರಳ. ಕಂಡುದನ್ನೆಲ್ಲ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊ ಎಂಬ ವೈದ್ಯನಿಗೆ ಪತ್ರಗಳಲ್ಲಿ ಬರೆದನು.

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯನು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದನು. ಮೆಣಸಿನ ವ್ಯಾಪಾರ, ಮಂಗಳೂರಿನ ಬಂಗ ಅರಸನ ರಾಜ್ಯವನ್ನು ನಾಯಕನು ಕಿತ್ತುಕೊಂಡ ವಿವಾದ, ಇವು ರಾಯಭಾರದ ವಿಷಯಗಳು. ಗೋವೆಯಲ್ಲಿದ್ದ ನಾಯಕನ ಪ್ರತಿನಿಧಿ ವಿಠಲ ಶೆಣೈಯೂ ಜೊತೆಗೆ ಹೊರಟನು. ದೆಲ್ಲಾ ವಾಲ್ಲೆಗೆ ಇದರಲ್ಲಿ ಯಾವ ಕೆಲಸವೂ ಇರಲಿಲ್ಲ. ನೋಡುವ ಆಸೆಯಿಂದ ಸೇರಿಕೊಂಡನು. ದಡವನ್ನು ಬಿಡದೆ ಸಾಗಿದ ಆ ಸಣ್ಣ ಹಡಗುಗಳು ಹೊನ್ನಾವರವನ್ನು ಮುಟ್ಟಿದವು. ಪೋರ್ಚುಗೀಸರ ಕೋಟೆಯಿದ್ದ ಆ ಊರಿನಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋದರು. ತಾನು ಕಂಡ ಅತ್ಯಂತ ಸುಂದರವಾದ ನದಿಗಳಲ್ಲಿ ಇದೊಂದೆಂದು ಅವನು ಬರೆದನು. ಇಂದು ಹೊನ್ನಾವರದಲ್ಲಿ 2 ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯಿಂದ ಅದೇ ನೀರನ್ನು ಕೆಲವು ನಿಮಿಷ ನೋಡಬಹುದು. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆಯುತ್ತಿದ್ದ ಚೆನ್ನಭೈರಾದೇವಿಯ ಗೇರುಸೊಪ್ಪೆ ಅಷ್ಟರಲ್ಲೇ ಹಾಳಾಗಿತ್ತು. ಅರಮನೆಯ ಜಾಗದಲ್ಲಿ ಮರಗಳು, ಅಲ್ಲೊಂದು ಇಲ್ಲೊಂದು ಗುಡಿಸಲು.

ಘಟ್ಟವನ್ನೇರಿದ ಮೇಲೆ ಒಂದು ಹನುಮಂತನ ಗುಡಿಯ ಬಳಿ ಸಾಮಾನು ಬರುವುದನ್ನು ಕಾಯುತ್ತ ಅವರು ತಂಗಬೇಕಾಯಿತು. ಗುಡಿಯ ಮುಂದಿನ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರು ಅಲ್ಲಿರಲಿಲ್ಲ, ಪಾಠ ಹೇಳಿಕೊಟ್ಟು ಹೋಗಿದ್ದನು. ಒಬ್ಬ ಹುಡುಗ ಪಾಠದ ಒಂದು ಸಾಲನ್ನು ರಾಗವಾಗಿ ಹಾಡುತ್ತ ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಅದನ್ನೇ ಬರೆಯುವನು. ಉಳಿದ ಮೂವರು ಅದೇ ಸಾಲನ್ನು ಹಾಡುತ್ತ ಬರೆಯುವರು. ಒಂದನ್ನು ಒಂದರಿಂದ ಗುಣಿಸಿದರೆ ಒಂದು, ಎಂದು ಹಾಡು ಮೊದಲಾಗುವುದು. ಆಮೇಲೆ ಮುಂದಿನ ಸಾಲು. ನೆಲ ತುಂಬಿದಾಗ ಕೈಯಿಂದ ಅಳಿಸಿ, ಬೇಕಾದರೆ ಪಕ್ಕದ ರಾಶಿಯಿಂದ ಹೊಸ ಮರಳನ್ನು ಹರಡಿಕೊಳ್ಳುವರು. ಕಾಗದವಿಲ್ಲ, ಲೇಖನಿಯಿಲ್ಲ, ಶಾಯಿಯಿಲ್ಲ. ರೋಮಿನ ಆ ಪಂಡಿತನು ಹುಡುಗರನ್ನು ಒಂದು ಪ್ರಶ್ನೆ ಕೇಳಿದನು: ಗುರುವಿಲ್ಲವಲ್ಲ, ನೀವು ಮರೆತರೆ ತಿದ್ದುವವರಾರು? ಅವರ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ನಾಲ್ವರೂ ಒಟ್ಟಿಗೆ ಒಂದೇ ಕಡೆ ಮರೆಯುವುದು ಆಗದ ಮಾತು, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ, ಒಟ್ಟಿಗೆ ಕುಳಿತು ಕಲಿಯುವುದು ಅದಕ್ಕಾಗಿಯೇ. ಇದು ಚೆಲುವಾದ, ಸುಲಭವಾದ, ಭದ್ರವಾದ ಕ್ರಮವೆಂದು ಅವನು ಮೆಚ್ಚಿಕೊಂಡನು.

ಇಕ್ಕೇರಿಯ ಸೀಮೆಯ ಹನುಮಪ್ಪನ ಜಗಲಿಯಲ್ಲಿ ಆ ಹುಡುಗರು ಹಾಡುತ್ತಿದ್ದುದು ಮಗ್ಗಿಯಲ್ಲದೆ ಮತ್ತೇನು? ಒಂದೊಂದಲೆ ಒಂದು, ಎರಡೊಂದಲೆ ಎರಡು ಎಂದು ಮಕ್ಕಳಿಂದ ಸಾವಿರಾರು ಸಲ ಹೇಳಿಸಿದ ನಮಗೆ ಅದರಲ್ಲಿ ಸಂಶಯವಿಲ್ಲ. ಮರಳಿನಲ್ಲಿ ಬರೆಸುವ ಈ ಪದ್ಧತಿಯನ್ನು ಸುಮಾರು 170 ವರ್ಷಗಳ ಅನಂತರ ಮದರಾಸಿನ ಅನಾಥಾಲಯದ ಆಂಡ್ರೂ ಬೆಲ್ ಎಂಬ ಪಾದ್ರಿ ಸ್ಥಳೀಯ ಮಕ್ಕಳಲ್ಲಿ ಕಂಡು, ಹುಡುಗರೇ ಹುಡುಗರಿಗೆ ಕಲಿಸುವ ಕ್ರಮವೊಂದನ್ನು ರೂಪಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದು ಮದರಾಸ್ ಪದ್ಧತಿಯೆಂದು ಹೆಸರಾಗಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಶಿಕ್ಷಣಶಾಸ್ತ್ರದ ತರಬೇತಿಯಲ್ಲಿ ನಮಗೆ ಬೆಲ್ಲನ ಹೆಸರನ್ನು ಹೇಳಿಕೊಟ್ಟರು. ಘಟ್ಟದ ಮೇಲಿನ ನಾಲ್ವರು ಹುಡುಗರ ವಿಷಯವನ್ನು ಯಾರೂ ಹೇಳಲಿಲ್ಲ. ಕನ್ನಡದ ಯಾವ ಕವಿಯೂ ಆ ಜಗಲಿಯ ಪಾಠವನ್ನು ವರ್ಣಿಸುವ ಗೋಜಿಗೆ ಹೋಗಲಿಲ್ಲವೆಂದರೆ ಆಶ್ಚರ್ಯವಿಲ್ಲ. ದಿನವೂ ಕಾಣುವುದನ್ನು ಯಾರು ಬರೆಯುತ್ತಾರೆ? ಸಾಮಾನು ಬರುವವರೆಗೆ ಕಾಯುತ್ತಿದ್ದ ಪರದೇಶಿಯೇ ಬರೆಯಬೇಕಾಯಿತು.

ನಮ್ಮ ಕಡೆಯ ಕಥೆಯನ್ನು ಇಲ್ಲಿ ಸೇರಿಸದೆ ಮುಂದೆ ಹೋಗುವುದು ಕಷ್ಟ. ನಿಜಾಮರ ಆಳ್ವಿಕೆಯಲ್ಲಿ ಪ್ರೌಢಶಿಕ್ಷಣ ಉರ್ದುವಿನಲ್ಲಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದುದೂ ಉರ್ದು ಮಾಧ್ಯಮದಲ್ಲೇ. ನಮ್ಮ ಹಿಂದಿನ ತಲೆಮಾರಿನವರು ವಸ್ತಾನಿಯಾ, ಫೌಖಾನಿಯಾ ಎಂದು ತರಗತಿಗಳನ್ನು ದಾಟಿದರು. ಆದರೆ ಲೆಕ್ಕವನ್ನು ಮಾತ್ರ ಅವರು ಕನ್ನಡದಲ್ಲೇ ಮಾಡುತ್ತಿದ್ದರು. ಐಗಳ ಮಠದಲ್ಲಿ, ಗುಡಿಯ ಪಡಸಾಲೆಯಲ್ಲಿ ಧೂಳಿನ ಮೇಲೆ ಬೆರಳಾಡಿಸಿ ಕಲಿತ ಮಗ್ಗಿ, ಅದರ ಕಾಲು, ಅರೆ, ಮುಕ್ಕಾಲುಗಳ ಸಹಿತ, ಸಾಯುವವರೆಗೆ ಅವರ ನಾಲಗೆಯಲ್ಲಿತ್ತು. ಸರಕಾರದ ಭಾಷೆ ಯಾವುದಿದ್ದರೂ ತೊಗರಿಯ ಚೀಲದ ಲೆಕ್ಕ ಕನ್ನಡದ್ದು. ಈಗ ನಮ್ಮ ಮೂರು ಊರುಗಳ ಸುತ್ತಲಿನ ಕನ್ನಡ ಮನೆಗಳಲ್ಲಿ ಅಜ್ಜಿ ಹೇಳಿದ ಬೆಲೆಯನ್ನು ಮೊಮ್ಮಗ ಒಳಗೊಳಗೇ ಇಂಗ್ಲಿಷಿಗೋ ತೆಲುಗಿಗೋ ತಿರುಗಿಸಿಕೊಂಡು ಕೂಡಿಸುತ್ತಾನೆ. ಅದರಲ್ಲಿ ಹುಡುಗನ ದೋಷವೇನೂ ಇಲ್ಲ. ಹೊಟ್ಟೆಯ ಪಾಡು ಎಲ್ಲಿದೆಯೋ ಭಾಷೆ ಅಲ್ಲಿಗೆ ಹೋಗುತ್ತದೆ. ಆದರೆ ಜಗಲಿಯ ಹುಡುಗರ ಉತ್ತರವನ್ನು ಓದಿದಂದಿನಿಂದ ನಮ್ಮನ್ನು ಒಂದು ಯೋಚನೆ ಬಿಟ್ಟಿಲ್ಲ. ಒಬ್ಬ ಮರೆತರೆ ಮೂವರು ತಿದ್ದುವ ಭದ್ರತೆ ನಾಲ್ವರಿದ್ದಾಗ ಮಾತ್ರ. ತರಗತಿಯಲ್ಲಿ ಕನ್ನಡ ಬಲ್ಲ ಹುಡುಗ ಒಬ್ಬನೇ ಉಳಿದರೆ ಅವನು ಮರೆತುದನ್ನು ನೆನಪಿಸುವವರು ಯಾರು? ಸರಕಾರ ಕಟ್ಟಡ ಕೊಡಬಹುದು, ಪುಸ್ತಕ ಕೊಡಬಹುದು. ಉಳಿದ ಮೂವರನ್ನು ಮನೆಗಳೇ ಕಳುಹಿಸಿಕೊಡಬೇಕು.

ಇಕ್ಕೇರಿಯ ಆಸ್ಥಾನದ ವರ್ಣನೆಯನ್ನು ಇಲ್ಲಿ ಬಿಡುತ್ತೇವೆ. ಅದು ಕಡಲಿಗೆ ದೂರದ ವಿಷಯ, ಕೆಳದಿಯ ಚರಿತ್ರೆಗಳಲ್ಲಿ ಬೇಕಾದಷ್ಟಿದೆ. ಅಲ್ಲಿಂದ ಘಟ್ಟವಿಳಿದು ಬಸರೂರಿನ ಮೇಲೆ ದೆಲ್ಲಾ ವಾಲ್ಲೆ ಮಂಗಳೂರಿಗೆ ಬಂದನು. ಅಲ್ಲಿ ಅವನಿಗೆ ಉಳ್ಳಾಲದ ರಾಣಿಯನ್ನು ನೋಡಬೇಕೆನ್ನಿಸಿತು. ಬಂಗ ಅರಸನಾದ ಗಂಡನೊಡನೆ ಮುರಿದುಕೊಂಡು, ಪೋರ್ಚುಗೀಸರು ಅವನ ಕಡೆ ನಿಂತಾಗ ವೆಂಕಟಪ್ಪ ನಾಯಕನ ಬೆಂಬಲದಿಂದ ಅವರೆಲ್ಲರನ್ನೂ ಎದುರಿಸಿದ ಹೆಣ್ಣು ಅವಳು. ಅಬ್ಬಕ್ಕದೇವಿ ಚೌಟ ಎಂಬ ಹೆಸರನ್ನು ಅವನು ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ಅಬ್ಬಕ್ಕ ಒಬ್ಬಳೋ ಇಬ್ಬರೋ ಎಂಬ ವಾದದಲ್ಲಿ ಅವನ ಈ ಬರಹ ಮುಖ್ಯವಾದ ಸಾಕ್ಷ್ಯ. ರಾಣಿ ಆಗ ಒಳನಾಡಿನ ಮಣೇಲಿನಲ್ಲಿದ್ದಳು. ಅವನು ಅಲ್ಲಿಗೆ ಹೋಗಿ ಹುಡುಕುವಾಗ ಅವಳು ಬೀದಿಯಲ್ಲೇ ಎದುರಾದಳು. ನೀರಿನ ಕಾಲುವೆಗಳನ್ನು ತೋಡಿಸುತ್ತಿದ್ದ ಕೆಲಸವನ್ನು ನೋಡಲು ಹೊರಟಿದ್ದಳು. ಕಾಲಿನಲ್ಲಿ ಪಾದರಕ್ಷೆಯಿಲ್ಲ, ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ, ತಲೆಯ ಮೇಲೆ ಸೇವಕರು ಹಿಡಿದ ಓಲೆಗರಿಯ ಕೊಡೆ. ವಯಸ್ಸು ನಲವತ್ತರ ಆಸುಪಾಸು. ನೋಟಕ್ಕೆ ಅಡಿಗೆಮನೆಯ ಆಳಿನಂತೆ ಕಂಡಳೆಂದು ಬರೆಯುವಾಗ ರೋಮಿನ ಶ್ರೀಮಂತನ ಸೊಕ್ಕು ಕಾಣುತ್ತದೆ. ಆದರೆ ಅವಳು ಮಾತಾಡತೊಡಗಿದ ಮೇಲೆ ಅವಳ ವಿವೇಕವನ್ನೂ ಅಷ್ಟೇ ನಿಸ್ಸಂಕೋಚವಾಗಿ ಒಪ್ಪಿಕೊಂಡಿದ್ದಾನೆ. ಯಾವ ದೇಶದವನು, ಈ ಕಾಡಿಗೆ ಏಕೆ ಬಂದೆ ಎಂಬುದನ್ನೆಲ್ಲ ದಾರಿಯಲ್ಲಿ ನಿಂತೇ ದುಭಾಷಿಯ ಮೂಲಕ ವಿಚಾರಿಸಿ ಅವಳು ಕಾಲುವೆಯ ಕಡೆಗೆ ಹೋದಳು. ಯುದ್ಧದ ಅಬ್ಬಕ್ಕನ ಪ್ರತಿಮೆಗಳು ಇಂದು ಬೇಕಾದಷ್ಟಿವೆ. ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ನಡೆದ ಅಬ್ಬಕ್ಕ ನಮಗೆ ಹೆಚ್ಚು ದೊಡ್ಡವಳಾಗಿ ಕಾಣುತ್ತಾಳೆ.

ಕದ್ರಿಯ ಬೆಟ್ಟದಲ್ಲಿ ಜೋಗಿಗಳ ಅರಸನನ್ನೂ ಅವನು ಕಂಡನು. ಬಿಳಿಗಡ್ಡದ ಆ ಮುದುಕ ರೈತನಂತೆ ತನ್ನ ಕೆಲಸದಲ್ಲಿ ತೊಡಗಿದ್ದನಂತೆ. ಆಮೇಲೆ ಕಡಲ ದಾರಿಯಿಂದ ಕಲ್ಲಿಕೋಟೆಗೆ ಹೋಗಿ, ವರ್ಷದ ಕೊನೆಯಲ್ಲಿ ಸಾಮೂದಿರಿಯನ್ನು ನೋಡಿ, ಗೋವೆಗೆ ಮರಳಿದನು. ಅವನ ಭಾರತದ ಪತ್ರಗಳು 1663ರಲ್ಲಿ ಅಚ್ಚಾದವು. ಮರುವರ್ಷವೇ ಇಂಗ್ಲಿಷಿಗೆ ಬಂದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಾಯಿಯ ಜಾಗಕ್ಕೆ ಹೊಗೆ ಬಂತು. ಕರಾವಳಿಯವರು ಆಗಬೋಟು ಎಂದು ಕರೆದ ಉಗಿಹಡಗುಗಳು ಮುಂಬಯಿಯಿಂದ ಹೊರಟು ಬಂದರು ಬಂದರಿನಲ್ಲಿ ನಿಲ್ಲುತ್ತ ತೆಂಕಣಕ್ಕೆ ಬರುತ್ತಿದ್ದವು. ನಿಲ್ಲುವುದೆಂದರೆ ದಡದಿಂದ ದೂರದಲ್ಲಿ. ಜನರೂ ಮೂಟೆಗಳೂ ಮಚ್ಚವೆಗಳಲ್ಲಿ ಹೋಗಿ ಬರಬೇಕು. ಮುಂಬಯಿಯ ಹೋಟೆಲುಗಳಿಗೆ ಕೆಲಸಕ್ಕೆ ಹೊರಟ ಹುಡುಗರು ಊರನ್ನು ಕೊನೆಯ ಸಲ ನೋಡಿದುದು ಇಂಥ ದೋಣಿಗಳಿಂದ. 1862ರಲ್ಲಿ ಉತ್ತರ ಕನ್ನಡವು ಮದರಾಸಿನ ಕೈಯಿಂದ ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಜಿಲ್ಲೆಯ ಮುಖ್ಯಸ್ಥಳವಾದ ಕಾರವಾರದಲ್ಲಿ ಭಾರತೀಯ ಸಿವಿಲ್ ಸೇವೆಯನ್ನು ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರು ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ, 22 ವಯಸ್ಸಿನ ರವೀಂದ್ರನಾಥರು, ಅಲ್ಲಿಗೆ ಬಂದು ಉಳಿದರು. ಒಂದು ಬೆಳುದಿಂಗಳ ಇರುಳು ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಶಿವಾಜಿಯ ಕೋಟೆಯೆಂದು ಅವರು ಕರೆದ ಗುಡ್ಡದ ಬುಡದಲ್ಲಿ ಇಳಿದು, ಗುಡಿಸಿ ಸಾರಿಸಿದ ಒಬ್ಬ ರೈತನ ಅಂಗಳದಲ್ಲಿ ಕುಳಿತು ತಂದ ಬುತ್ತಿಯನ್ನು ಉಂಡರು. ಹಿಂದಿರುಗುವಾಗ ದೋಣಿಯನ್ನು ಹೊಳೆಯ ಸೆಳೆತಕ್ಕೆ ಬಿಟ್ಟರು. ಅಳಿವೆ ಮುಟ್ಟುವ ಹೊತ್ತಿಗೆ ತಡವಾದುದರಿಂದ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಪ್ರಕೃತಿಯ ಪ್ರತಿಶೋಧ ಎಂಬ ನಾಟಕ ಆ ಕಾರವಾರದ ವಾಸದಲ್ಲಿ ಹುಟ್ಟಿದ್ದು. ಇಂದು ಆ ಕಡಲತೀರಕ್ಕೆ ಅವರ ಹೆಸರಿದೆ. ಅಂಗಳದ ಆ ರೈತನ ಹೆಸರನ್ನು ಯಾರೂ ಕೇಳಲಿಲ್ಲ.

ಕರಾವಳಿಯ ಈ ಹಡಗುದಾರಿಗಳನ್ನು ಬಸ್ಸು, ಲಾರಿ, ಕೊನೆಗೆ ರೈಲು ಸೇರಿ ಮುಗಿಸಿದವು. ರೈಲಿಗೆ ಮುನ್ನವೇ ಇನ್ನೊಂದು ಬದಲಾವಣೆ ಆಗಿಹೋಗಿತ್ತು. ಅದು 1956ರ ನವೆಂಬರ್ 1ರಂದು. ಆ ದಿನ ಮುಂಬಯಿ ರಾಜ್ಯದಿಂದ ಉತ್ತರ ಕನ್ನಡವೂ, ಮದರಾಸ್ ರಾಜ್ಯದಿಂದ ಕಾಸರಗೋಡನ್ನು ಬಿಟ್ಟು ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದವು. ಕಾರವಾರದಿಂದ ಉಳ್ಳಾಲದವರೆಗಿನ ತೀರ ಒಂದೇ ಆಡಳಿತದಲ್ಲಿ ಕೂಡಿತು. ಅದೇ ದಿನ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ನ್ಯಾಲ್ಕಲ್ ಭಾಗಗಳೂ, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರ ಪ್ರದೇಶಕ್ಕೆ ಹೋದವು. ಕನ್ನಡನಾಡಿಗೆ ಕಡಲು ಸಿಕ್ಕ ದಿನವೇ ನಾವು ಆ ನಾಡಿನ ಹೊರಗಾದೆವು. ಇದನ್ನು ದೂರಾಗಿ ಹೇಳುತ್ತಿಲ್ಲ. ಇಲ್ಲಿನ ಜನರೊಡನೆ ನಮಗೆ ಆರು ದಶಕಗಳಿಗೂ ಮೀರಿದ ಕೊಡುಕೊಳ್ಳುವಿಕೆಯಿದೆ, ತೆಲುಗು ನಮ್ಮ ಮಕ್ಕಳಿಗೆ ಅನ್ನದ ಭಾಷೆಯೂ ಆಗಿದೆ.

ಆ ದಿನವೇ ಕಡಲಿನಲ್ಲೂ ಒಂದು ಗೆರೆ ಬಿತ್ತೆಂಬುದನ್ನು ಹಡಗಿನ ಪ್ರವಾಸಕ್ಕೆ ಹೊರಡುವವರು ತಿಳಿದಿರುವುದು ಒಳ್ಳೆಯದು. ಲಕ್ಷದ್ವೀಪದ ಉತ್ತರದ ಗುಂಪಾದ ಅಮೀನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದು, 1799ರ ಬಳಿಕ ಕಂಪನಿಯ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ತಮ್ಮ ಓಡಗಳಲ್ಲಿ ಮಂಗಳೂರಿಗೆ ತಂದು ಸರಕಾರದ ಕೋಠಿಗೆ ಒಪ್ಪಿಸಿ ಬದಲಿಗೆ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಆ ದ್ವೀಪಗಳು ಮಂಗಳೂರಿನ ಕಚೇರಿಯಿಂದ ಬಿಡಿಸಲ್ಪಟ್ಟು, ಮಲಬಾರಿನ ಕಡೆಯ ದ್ವೀಪಗಳ ಜೊತೆಗೂಡಿ ಕೇಂದ್ರಾಡಳಿತ ಪ್ರದೇಶವಾದವು. ತಾಂಡೂರಿನ ಹಳೆಯ ಕಂದಾಯದ ಕಾಗದಗಳಲ್ಲಿ ಗುಲಬರ್ಗಾ ಜಿಲ್ಲೆಯೆಂದಿರುವಂತೆ, ಕದಮತ್ತಿನ ಹಳೆಯ ಕಾಗದಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯೆಂದೇ ಇದೆ. ಕೊಚ್ಚಿಯಿಂದ ಹಡಗು ಹತ್ತಿ ಬೆಳಗಿನ ಹೊತ್ತು ಆ ದ್ವೀಪದ ಮರಳಿಗೆ ಕಾಲಿಡುವ ನಮ್ಮ ಹಿರಿಯರು ಅಲ್ಲಿನ ಮುದುಕರನ್ನು ಮಂಗಳೂರಿನ ಅಕ್ಕಿಯ ವಿಷಯವಾಗಿ ವಿಚಾರಿಸಿ, ಅವರು ಹೇಳಿದುದನ್ನು ಸಂಜೆ ಹಡಗಿಗೆ ಹಿಂದಿರುಗುವ ಮುಂಚೆ ಬರೆದುಕೊಂಡು ಬಂದರೆ, ಮುಂದಿನ ಸಮ್ಮೇಳನದ ಸಂಚಿಕೆಯಲ್ಲಿ ಅದಕ್ಕೆ ಜಾಗವಿದೆ.